ಬೋರ್ಡು ನೆಟ್ಟರೆ ಜೀವ ಉಳಿಯಲ್ಲ ಸ್ವಾಮಿ!

ನಮ್ಮ ರಾಜ್ಯದಲ್ಲಿ ನೀರಿನ ಸುರಕ್ಷತೆಗೆ ಇರೋದು ಒಂದೇ ಒಂದು ಸಲಕರಣೆ. ಅದು ಬೋರ್ಡು. "ಇಲ್ಲಿ ನೀರಿಗೆ ಇಳಿಯುವುದನ್ನು ನಿಷೇಧಿಸಲಾಗಿದೆ" ಅಂತ ಕೆಂಪಕ್ಷರದಲ್ಲಿ ಬರೆಸಿ, ಕೆಳಗೊಂದು "ಆದೇಶದ ಮೇರೆಗೆ" ಸೇರಿಸಿ, ದಡದಲ್ಲಿ ನೆಟ್ಟುಬಿಟ್ಟರೆ ಮುಗೀತು. ಕೆರೆಯಾಗಲಿ, ಹೊಳೆಯಾಗಲಿ, ಸಮುದ್ರವಾಗಲಿ, ಅದೇ ಬೋರ್ಡು. ಆ ಬೋರ್ಡಿನ ಕಂಬಕ್ಕೇ ಅಂಗಿ-ಪ್ಯಾಂಟು ನೇತುಹಾಕಿ ಹುಡುಗರು ನೀರಿಗೆ ಧುಮುಕೋದನ್ನ ನೀವೂ ನೋಡಿರ್ತೀರಿ. ನಾನಂತೂ ಬೇಕಾದಷ್ಟು ಸಲ ನೋಡಿದ್ದೀನಿ.

ನಾನಿರೋದು ದೀಪಾಂಜಲಿ ನಗರದಲ್ಲಿ. ನಮ್ಮ ಏರಿಯಾದ ಜಲಮೂಲ ಯಾವುದು ಅಂದ್ರೆ ವೃಷಭಾವತಿ. ನಗಬೇಡಿ :) ಮೆಟ್ರೋದಲ್ಲಿ ಕೂತವರಿಗೂ ಮೂಗು ಮುಚ್ಚಿಕೊಳ್ಳೋ ಹಾಗೆ ಮಾಡೋ ಆ ಮೋರಿಯೂ ಒಂದು ಕಾಲಕ್ಕೆ ನದಿಯೇ. ಜೋರು ಮಳೆ ಬಂದರೆ ಮೈಸೂರು ರಸ್ತೆಯೇ ಹೊಳೆಯಾಗುತ್ತೆ, ಆಗ ನಮಗೂ ಹೊಳೆದಂಡೆಯ ಸೈಟು ಸಿಕ್ಕ ಹಾಗೆ. ಇಂಥಾ ಜಾಗದಲ್ಲಿ ಕೂತು ನಾವೊಂದಿಷ್ಟು ಜನ ವಿಂಡ್‌ಸರ್ಫಿಂಗ್ ಗುಂಪು ಕಟ್ಟಿಕೊಂಡಿದ್ದೀವಿ ಅಂದ್ರೆ ಆಫೀಸಿನಲ್ಲಿ ಯಾರೂ ನಂಬಲ್ಲ. "ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಮಾಡ್ತೀರಾ?" ಅಂತ ಕೇಳ್ತಾರೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಒಂದು ತೇಲೋ ಹಲಗೆ, ಅದರ ಮೇಲೆ ಎಲ್ಲಾ ಕಡೆಗೂ ವಾಲೋ ಒಂದು ಕಂಬ, ಕಂಬಕ್ಕೊಂದು ಹಾಯಿ. ನಿಂತುಕೊಂಡು ಹಾಯಿ ಹಿಡಿದು ಗಾಳಿ ಜೊತೆ ಹೋಗೋದು. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಸದ್ದಿಲ್ಲ. ೧೯೮೪ರಿಂದಲೇ ಒಲಿಂಪಿಕ್ಸಿನಲ್ಲಿರೋ ಆಟ ಇದು. ನಮ್ಮದು ಅಂಥಾ ಮಟ್ಟದ್ದೇನಲ್ಲ ಬಿಡಿ. ಸೆಕೆಂಡ್ ಹ್ಯಾಂಡ್ ಹಲಗೆಗಳು, ತೇಪೆ ಹಾಕಿದ ಹಾಯಿಗಳು, ಹದಿನೈದಿಪ್ಪತ್ತು ಜನ. ಅನುಮತಿ ಇರೋ ಕಡೆ, ಅಲ್ಲಿನವರ ನಿಯಮಕ್ಕೆ ಒಪ್ಪಿ, ತಿಂಗಳಿಗೆ ಒಂದೆರಡು ಭಾನುವಾರ.

ಈಗ ಸಿಟ್ಟಿನ ವಿಷಯಕ್ಕೆ ಬರ್ತೀನಿ.

ಬೆಂಗಳೂರಿಗೆ ಹತ್ತಿರದ ಇನ್ನೊಂದು ನೀರಿನಲ್ಲಿ ನಮಗೆ ಅಭ್ಯಾಸಕ್ಕೆ ಅವಕಾಶ ಬೇಕಿತ್ತು. ಸಂಬಂಧಪಟ್ಟ ಕಚೇರಿಯೊಂದಕ್ಕೆ (ಹೆಸರು ಬೇಡ, ಎಲ್ಲಾ ಕಚೇರಿಯೂ ಒಂದೇ) ಅರ್ಜಿ ಕೊಟ್ಟೆವು. ಬರೀ ಅರ್ಜಿಯಲ್ಲ. ಎಷ್ಟು ಜನ, ಎಷ್ಟು ಲೈಫ್ ಜಾಕೆಟ್, ಕಾಪಾಡೋಕೆ ಹುಟ್ಟು ಹಾಕೋ ಕಯಾಕ್ ಎಷ್ಟು, ಹತ್ತಿರದ ಆಸ್ಪತ್ರೆ ಯಾವುದು, ಗಾಳಿ ಎಷ್ಟಾದರೆ ನಿಲ್ಲಿಸ್ತೀವಿ, ಎಲ್ಲಾ ಸೇರಿಸಿ ಹನ್ನೊಂದು ಪುಟ. ಅಲ್ಲಿದ್ದ ಸಾಹೇಬರು ಅದನ್ನ ತಿರುವಿಯೂ ನೋಡಲಿಲ್ಲ. ಅವರು ಹೇಳಿದ್ದು ಇಷ್ಟು: "ನೋಡಿ, ಹೂಂ ಅಂದು ನಾಳೆ ಯಾರಾದ್ರೂ ಹೋದ್ರೆ ನಾನು ಉತ್ತರ ಹೇಳ್ಬೇಕು. ಬೇಡ ಅಂದಿದ್ರೆ ಹೋದವನೇ ಹೊಣೆ."

ಪಾಪ, ಸುಳ್ಳು ಹೇಳಲಿಲ್ಲ ಅವರು. ನಮ್ಮ ಇಡೀ ವ್ಯವಸ್ಥೆಯ ನೀರಿನ ನೀತಿಯನ್ನ ಎರಡೇ ವಾಕ್ಯದಲ್ಲಿ ಹೇಳಿದರು. ನಿಷೇಧ ಅನ್ನೋದು ಮುಳುಗೋನನ್ನ ಉಳಿಸೋಕೆ ಇರೋದಲ್ಲ, ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತೋರನ್ನ ಉಳಿಸೋಕೆ ಇರೋದು. ಇದೇ ನನ್ನ ತಕರಾರು. ಸುಮ್ಮನೆ ಬಾಯಿಮಾತಲ್ಲ, ಒಂದೊಂದಾಗಿ ನೋಡೋಣ ಬನ್ನಿ.

೨೦೧೬ರ ನವೆಂಬರ್ ೭, ತಿಪ್ಪಗೊಂಡನಹಳ್ಳಿ ಜಲಾಶಯ. ನಮ್ಮ ಮನೆಯಿಂದ ಮಾಗಡಿ ರಸ್ತೆ ಹಿಡಿದರೆ ಸಿಗೋ ನೀರು. 'ಮಾಸ್ತಿಗುಡಿ' ಸಿನಿಮಾದ ಶೂಟಿಂಗು. ಹೆಲಿಕಾಪ್ಟರಿನಿಂದ ಮೂರು ಜನ ಹಾರಿದರು. ಹೀರೋ ವಿಜಯ್‌ಗೆ ಲೈಫ್ ಜಾಕೆಟ್ ಇತ್ತು, ಉಳಿದರು. ಅನಿಲ್ ಮತ್ತು ಉದಯ್‌ಗೆ ಇರಲಿಲ್ಲ, ಉಳಿಯಲಿಲ್ಲ. ತನಗೆ ಈಜು ಅಷ್ಟಾಗಿ ಬರಲ್ಲ ಅಂತ ಉದಯ್ ಹಾರೋಕೆ ಮುಂಚೆ ಟೀವಿಯವರ ಮುಂದೇನೇ ಹೇಳಿಕೊಂಡಿದ್ದರು. ಕಾಪಾಡೋ ದೋಣಿ ಸಮಯಕ್ಕೆ ಅವರನ್ನ ಮುಟ್ಟಲಿಲ್ಲ. ಇಡೀ ಕರ್ನಾಟಕ ಆ ವಿಡಿಯೋ ನೋಡಿ ಅತ್ತಿತು. ಆದರೆ ಅದರಲ್ಲಿದ್ದ ಪಾಠ ಎಷ್ಟು ಸರಳ ನೋಡಿ: ಒಂದೇ ನೀರು, ಒಂದೇ ಎತ್ತರ, ಒಂದೇ ನಿಮಿಷ, ಮೂರು ಜನ. ವ್ಯತ್ಯಾಸ ಒಂದು ಜಾಕೆಟ್ಟು.

೨೦೧೯ರ ಜನವರಿ ೨೧, ಕಾರವಾರ. ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮಗುಚಿ ೧೬ ಜನ ಹೋದರು. ದೋಣಿಯಲ್ಲಿ ಅಳತೆ ಮೀರಿ ಜನ. ಇಲ್ಲಿ ಯಾವ ಬೋರ್ಡು ನೆಡ್ತೀರಿ? ಜಾತ್ರೆಗೆ ಹೋಗಬೇಡಿ ಅಂತಲಾ? ಬೇಕಿದ್ದದ್ದು ಹತ್ತೋವಾಗ ತಲೆ ಎಣಿಸೋ ಒಬ್ಬ ಮನುಷ್ಯ, "ಇಷ್ಟು ಸಾಕು, ಉಳಿದವರು ಮುಂದಿನ ಟ್ರಿಪ್ಪಿಗೆ" ಅನ್ನೋ ಒಂದು ಗಟ್ಟಿ ಗಂಟಲು, ತಲೆಗೊಂದು ಜಾಕೆಟ್ಟು.

೨೦೨೪ರ ಅಕ್ಟೋಬರ್, ಕೆಂಗೇರಿ ಕೆರೆ. ಇದು ನಮ್ಮ ಪಕ್ಕದ್ದೇ. ಮಳೆಗೆ ಕೆರೆ ತುಂಬಿತ್ತು. ನೀರು ತರೋಕೆ ಬಿಂದಿಗೆ ಹಿಡಿದು ಹೋದ ಅಣ್ಣ-ತಂಗಿ ಇಬ್ಬರೂ ಹೋಗಿಬಿಟ್ಟರು. ಎರಡೂ ಚಿಕ್ಕ ಮಕ್ಕಳು. ಇದನ್ನ ಬರೆಯೋಕೂ ಕೈ ಬರ್ತಿಲ್ಲ. ಒಬ್ಬರು ಜಾರಿದರೆ ಜೊತೆಯಲ್ಲಿದ್ದವರು ಕೈ ಚಾಚಿ ಅವರೂ ಹೋಗೋದು ನಮ್ಮ ಕೆರೆಗಳಲ್ಲಿ ಮತ್ತೆ ಮತ್ತೆ ನಡೆಯೋ ಕಥೆ. ದಡದಲ್ಲಿ ಒಂದು ಹಗ್ಗ, ಒಂದು ಟ್ಯೂಬು ಇಟ್ಟಿರೋ ಕೆರೆ ಈ ಊರಲ್ಲಿ ನಿಮಗೆ ಎಷ್ಟು ಗೊತ್ತು? ಬೋರ್ಡಿಗೆ ದುಡ್ಡಿದೆ, ಹಗ್ಗಕ್ಕಿಲ್ಲ.

೨೦೨೪ರ ಡಿಸೆಂಬರ್, ಮುರುಡೇಶ್ವರ. ಕೋಲಾರದ ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳನ್ನ ಅಲೆ ಎಳಕೊಂಡು ಹೋಯಿತು. ಆಮೇಲೆ ಏನಾಯಿತು? ಬೀಚು ಕೆಲವು ದಿನ ಬಂದ್. ಮೇಷ್ಟ್ರುಗಳ ಮೇಲೆ ಕೇಸು. ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಅಂದ್ರೆ ಏನು, ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನ ಹೇಗೆ ಕದಿಯುತ್ತೆ, ಎಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡದೆ ಅಡ್ಡಕ್ಕೆ ಈಜಬೇಕು ಅನ್ನೋದನ್ನ ಬಸ್ಸಿನಲ್ಲಿ ಅರ್ಧ ಗಂಟೆ ಹೇಳಿಕೊಡೋ ವ್ಯವಸ್ಥೆ ಬಂತಾ? ನನಗಂತೂ ಎಲ್ಲೂ ಕಾಣಲಿಲ್ಲ.

ಪಕ್ಕದ ಕೇರಳದಲ್ಲಿ ೨೦೦೯ರ ಸೆಪ್ಟೆಂಬರ್ ೩೦ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ ೪೫ ಜನ ಹೋದರು. ಹದಿಮೂರು ವರ್ಷ ಕಳೆದು ೨೦೨೩ರ ಮೇ ೭ರಂದು ತಾನೂರಿನಲ್ಲಿ ೨೨ ಜನ. ಎರಡರಲ್ಲೂ ಜನ ಜಾಸ್ತಿ, ಜಾಕೆಟ್ ಇಲ್ಲ. ದೇಶದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನೀರಿಗೆ ಹೋಗ್ತಾರೆ ಅಂತ ಸರ್ಕಾರದ ಅಪರಾಧ ದಾಖಲೆ ಬ್ಯೂರೋದ ಲೆಕ್ಕವೇ ಹೇಳುತ್ತೆ. ಅಂದ್ರೆ ದಿನಕ್ಕೆ ಎಂಬತ್ತರ ಮೇಲೆ. ಒಂದು ಬಸ್ಸು ತುಂಬಿ ಮೇಲೆ ನಿಲ್ಲೋಷ್ಟು ಜನ, ದಿನಾ.

ಈ ಮೇಲಿನ ಯಾವುದಾದರೂ ಒಂದು ಸಾವು ಬೋರ್ಡು ಇಲ್ಲದ್ದಕ್ಕೆ ಆಯಿತು ಅಂತ ಹೇಳಿ ನೋಡೋಣ.

"ಹಾಗಾದ್ರೆ ಎಲ್ಲಾ ಬಿಟ್ಟುಬಿಡಬೇಕಾ? ಪ್ರವಾಹ ಬಂದ ಹೊಳೆಗೂ ಇಳೀಲಾ?" ಅಂತ ಕೇಳ್ತೀರಿ. ಇಲ್ಲ. ಮುಂಗಾರಿನಲ್ಲಿ ಉಕ್ಕೋ ಸಮುದ್ರಕ್ಕೆ ಇಳಿಯಬೇಡಿ ಅನ್ನೋದು ಸರಿ. ಮುತ್ತತ್ತಿಯ ಸುಳಿಗೆ, ಮೇಕೆದಾಟಿನ ಬಂಡೆಗೆ ಹೋಗಬೇಡಿ ಅನ್ನೋದೂ ಸರಿ. ಅಲ್ಲಿ ಬೋರ್ಡಿನ ಜೊತೆ ಒಬ್ಬ ಮನುಷ್ಯನನ್ನೂ ನಿಲ್ಲಿಸಿ ಅಂತೀನಿ. ಆದರೆ ಎಲ್ಲಾ ನೀರಿಗೂ ಎಲ್ಲಾ ಕಾಲಕ್ಕೂ ಒಂದೇ ನಿಷೇಧ ಹಾಕಿದರೆ ಏನಾಗುತ್ತೆ ಅಂದ್ರೆ, ನಿಯಮ ಪಾಲಿಸೋರು ಮಾತ್ರ ಮನೆಗೆ ಹೋಗ್ತಾರೆ. ಜಾಕೆಟ್ಟು, ಹಗ್ಗ, ಕಯಾಕು ಇಟ್ಟುಕೊಂಡಿರೋ ಗುಂಪು ಅರ್ಜಿ ಕೊಟ್ಟು, ಬೇಡ ಅನ್ನಿಸಿಕೊಂಡು ವಾಪಸ್ ಬರುತ್ತೆ. ಬಿಯರ್ ಬಾಟಲು ಹಿಡಿದು ಬಂದ ನಾಲ್ಕು ಜನ ಯಾರನ್ನೂ ಕೇಳದೆ ಹಿಂದಿನ ದಾರಿಯಿಂದ ಇಳೀತಾರೆ. ಅವರು ಮುಳುಗೋವಾಗ ಕಾಪಾಡೋಕೆ ಬರೋ ಸಾಮರ್ಥ್ಯ ಇದ್ದೋರನ್ನ ನೀವು ಆಗಲೇ ಓಡಿಸಿರ್ತೀರಿ.

ಬೈಕಿನ ವಿಷಯ ನೆನಪಿಸಿಕೊಳ್ಳಿ. ೨೦೧೬ರಲ್ಲಿ ಹಿಂದೆ ಕೂತೋರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದರು. ಎಷ್ಟು ಬೈದ್ವಿ! ಆದರೂ ಹಾಕ್ಕೊಂಡ್ವಿ. ರಸ್ತೆಯಲ್ಲಿ ಸಾಯ್ತಾರೆ ಅಂತ ಬೈಕನ್ನೇ ನಿಷೇಧ ಮಾಡಲಿಲ್ಲ. ಲೈಸೆನ್ಸ್ ಕೊಡಿ, ಹೆಲ್ಮೆಟ್ ಹಾಕಿಸಿ, ಹಿಡಿದು ಫೈನ್ ಹಾಕಿ ಅಂದರು. ಇದೇ ಬುದ್ಧಿ ನೀರಿನ ಹತ್ತಿರ ಬಂದ ತಕ್ಷಣ ಎಲ್ಲಿ ಹೋಗುತ್ತೆ?

ಮಾಡಿ ತೋರಿಸಿದವರು ಇಲ್ಲವೇ ಇಲ್ಲ ಅನ್ನೋ ಹಾಗೂ ಇಲ್ಲ. ಹಲಸೂರು ಕೆರೆಯಲ್ಲಿ ಎಂಇಜಿ ಸೇನೆಯವರು ಹಾಯಿದೋಣಿ ಕಲಿಸಿದ್ದಾರೆ. ಕೃಷ್ಣರಾಜ ಸಾಗರದ ಹಿನ್ನೀರಿನಲ್ಲಿ ಹಾಯಿದೋಣಿ ಸ್ಪರ್ಧೆಗಳು ನಡೆದಿವೆ. ಸಾಗರದ ಹತ್ತಿರ ಹೊನ್ನೆಮರಡು ಅಂತ ಹೇಳಿದರೆ ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಆ ಹಳ್ಳಿಯಲ್ಲಿ ಎಸ್.ಎಲ್.ಎನ್. ಸ್ವಾಮಿ, ನೊಮಿಟೋ ದಂಪತಿ ಸಾವಿರಾರು ಜನರಿಗೆ ಹರಿಗೋಲು, ಕಯಾಕ್, ವಿಂಡ್‌ಸರ್ಫಿಂಗ್ ಪರಿಚಯ ಮಾಡಿಸಿದರು. ಅಲ್ಲಿಗೆ ಹೋದೋರು ಮೊದಲು ನೆನಪಿಸಿಕೊಳ್ಳೋದು ನೀರನ್ನಲ್ಲ, ಶಿಸ್ತನ್ನ. ಕರಾವಳಿಯಲ್ಲಿ ಮೂಲ್ಕಿಯ ಸರ್ಫಿಂಗ್ ಗುಂಪು ಇದ್ದದ್ದರಿಂದಲೇ ೨೦೧೬ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಆಗೋಕೆ ಸಾಧ್ಯವಾಯ್ತು. ಅಲೆ ಓದೋಕೆ ಬರೋ ಹುಡುಗರು ಇರೋ ಬೀಚು ಹೆಚ್ಚು ಸುರಕ್ಷಿತವೋ, ಬೋರ್ಡು ಮಾತ್ರ ಇರೋ ಬೀಚೋ? ನೀವೇ ಹೇಳಿ. ಗೋವಾದವರು ೨೦೦೮ರಿಂದ ಬೀಚುಗಳಲ್ಲಿ ಸಂಬಳ ಕೊಟ್ಟು ಲೈಫ್‌ಗಾರ್ಡ್ ನಿಲ್ಲಿಸಿದ್ದಾರೆ. ಮನೆಮುಂದೆಲ್ಲಾ ಕಾಲುವೆ ಇರೋ ಹಾಲೆಂಡಿನವರು ಕಾಲುವೆಗೆಲ್ಲಾ ಬೋರ್ಡು ನೆಡಲಿಲ್ಲ, ಮಕ್ಕಳಿಗೆ ಬಟ್ಟೆ ಹಾಕಿಸಿಯೇ ಈಜು ಕಲಿಸಿ ಸರ್ಟಿಫಿಕೇಟು ಕೊಡ್ತಾರೆ. ಬಿದ್ದಾಗ ಯಾರೂ ಈಜುಡುಗೆಯಲ್ಲಿ ಬೀಳಲ್ಲವಲ್ಲ!

ಸರಿ, ಸರ್ಕಾರಕ್ಕೆ ಬೈದಿದ್ದಾಯಿತು. ಈಗ ನಮ್ಮ ಸರದಿ. ನಮ್ಮ ಅಂದ್ರೆ ನಮ್ಮದೇ ಜಾತಿ: ಸಾಫ್ಟ್‌ವೇರು, ವೀಕೆಂಡು, ಕ್ಯಾಮೆರಾ.

ನಮ್ಮ ಗುಂಪಿಗೆ ಸೇರೋಕೆ ಬರೋ ಹತ್ತರಲ್ಲಿ ಆರು ಜನ ಕೇಳೋ ಮೊದಲ ಪ್ರಶ್ನೆ, "ಜಾಕೆಟ್ ಹಾಕಲೇಬೇಕಾ? ನನಗೆ ಈಜು ಬರುತ್ತೆ." ಬರುತ್ತೆ ಸ್ವಾಮಿ, ಈಜುಕೊಳದಲ್ಲಿ. ತಳ ಕಾಣೋ, ಗೋಡೆ ಇರೋ, ಗಾಳಿ ಇಲ್ಲದ ನೀಲಿ ನೀರಿನಲ್ಲಿ. ಕಂಬ ತಲೆಗೆ ಬಡಿದು ಎಚ್ಚರ ತಪ್ಪಿದ ಮನುಷ್ಯನಿಗೆ ಈಜು ಬರಲ್ಲ. ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು ಇಬ್ಬರನ್ನೂ ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿಗೆ ಕಳಿಸಿದ ರಾಜ್ಯ ನಮ್ಮದು. ಅವರಿಗೂ ಎಚ್ಚರ ತಪ್ಪಿದರೆ ಈಜು ಬರಲ್ಲ.

ಒಬ್ಬ ಮಹಾಶಯರು ಜಾಕೆಟ್ ಹಾಕಿದರೆ ಫೋಟೋದಲ್ಲಿ ದಪ್ಪ ಕಾಣ್ತೀನಿ ಅಂದರು. ನಾನು ಅವರನ್ನ ಹಲಗೆ ಹತ್ತಿಸಲಿಲ್ಲ. ಮುಖ ಊದಿಸಿಕೊಂಡು ವಾಟ್ಸಾಪ್ ಗ್ರೂಪು ಬಿಟ್ಟು ಹೋದರು. ಹೋಗಲಿ. ಗ್ರೂಪು ಬಿಟ್ಟು ಹೋದೋರನ್ನ ಮತ್ತೆ ಸೇರಿಸಿಕೊಳ್ಳಬಹುದು.

ಇನ್ನು ಜಾಕೆಟ್ಟು ಹೊರದೇಶದ ನಾಜೂಕು ಅನ್ನೋರಿಗೆ: ನಿಮ್ಮ ತಾತ ಬಾವಿಯಲ್ಲಿ ಈಜು ಕಲಿತಾಗ ಬೆನ್ನಿಗೆ ಏನು ಕಟ್ಟಿದ್ದರು ಕೇಳಿ. ಸೋರೆಬುರುಡೆ. ಇಲ್ಲಾ ಬೆಂಡು. ಮೇಲೆ ಸೊಂಟಕ್ಕೊಂದು ಹಗ್ಗ, ಹಗ್ಗದ ತುದಿ ದಡದಲ್ಲಿ ನಿಂತ ಮಾವನ ಕೈಯಲ್ಲಿ. ತೇಲೋ ಸಾಮಾನು, ಹಗ್ಗ, ದಡದಲ್ಲೊಬ್ಬ ಕಾವಲು. ಜಗತ್ತಿನ ಯಾವ ಕ್ಲಬ್ಬಿನ ನಿಯಮದ ಪುಸ್ತಕ ತೆಗೆದರೂ ಇದೇ ಮೂರು ಇರೋದು. ನಮ್ಮ ಹಳ್ಳಿಯವರಿಗೆ ಇದು ಹೇಡಿತನ ಅನ್ನಿಸಿರಲಿಲ್ಲ. ಸೆಲ್ಫಿ ತೆಗೆಯೋ ನಮಗೆ ಅನ್ನಿಸ್ತಿದೆ. ೨೦೧೭ರಲ್ಲಿ ಕನಕಪುರದ ಹತ್ತಿರ ಒಂದು ಕಲ್ಯಾಣಿಯಲ್ಲಿ ಕಾಲೇಜು ಹುಡುಗರು ಸೆಲ್ಫಿ ತೆಗೀತಿದ್ದಾಗ ಹಿಂದೆ ಗೆಳೆಯ ಮುಳುಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಫೋಟೋ ನೋಡಿದಾಗ ಗೊತ್ತಾಯ್ತು. ಪಕ್ಕದಲ್ಲೇ ಅಷ್ಟೊಂದು ಜನ ಇದ್ದರು. ಕಾವಲು ಇರಲಿಲ್ಲ.

ಕ್ಲಬ್ ನಡೆಸೋದು ಅಂದ್ರೆ ಇದೇ. ಹಾಯಿ ಬಿಚ್ಚೋದಲ್ಲ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ನೀರಿಗಿಳಿಯೋ ಆಸೆ, ದಡದ ಡ್ಯೂಟಿ ಯಾರಿಗೂ ಬೇಡ. ಥೇಟ್ ನಮ್ಮ ಆಫೀಸಿನ ಹಾಗೆ: ಕೋಡ್ ಬರೆಯೋಕೆ ಎಲ್ಲರೂ ರೆಡಿ, ಟೆಸ್ಟಿಂಗು, ಆನ್-ಕಾಲ್ ಅಂದ್ರೆ ಎಲ್ಲರಿಗೂ ಊರಿಗೆ ಹೋಗೋದಿರುತ್ತೆ. ಹೊಸ ಹಾಯಿಗೆ ಚಂದಾ ಕೇಳಿದರೆ ಒಂದೇ ದಿನಕ್ಕೆ ಬರುತ್ತೆ, ಹೊಸ ಜಾಕೆಟ್ಟಿಗೆ ಕೇಳಿದರೆ ಮೂರು ತಿಂಗಳು. ಹಾಗಾಗಿ ನಾವು ಕೆಲವು ನಿಯಮಗಳನ್ನ ಚರ್ಚೆಗೆ ಬಿಡೋದೇ ಇಲ್ಲ. ಯಾರಿಗಾದರೂ ಉಪಯೋಗ ಆಗಲಿ ಅಂತ ಇಲ್ಲಿ ಹಾಕ್ತಿದ್ದೀನಿ:

೧. ಜಾಕೆಟ್ಟು ಮೈಮೇಲೆ ಇರಬೇಕು, ಬಕಲ್ ಹಾಕಿರಬೇಕು, ಭುಜ ಹಿಡಿದು ಮೇಲಕ್ಕೆತ್ತಿದರೆ ಗದ್ದ ದಾಟಿ ಬರಬಾರದು. ಆಟಗಾರರು ಹಾಕೋ ತೆಳು ತೇಲುಜಾಕೆಟ್ಟಿಗೂ ನಿಜವಾದ ಲೈಫ್ ಜಾಕೆಟ್ಟಿಗೂ ವ್ಯತ್ಯಾಸ ಇದೆ. ಮೊದಲನೆಯದು ೫೦ ನ್ಯೂಟನ್, ಈಜೋಕೆ ಬರೋರಿಗೆ, ಸುತ್ತ ಸಹಾಯ ಇರೋ ಕಡೆಗೆ. ಎಚ್ಚರ ತಪ್ಪಿದವರ ಮುಖವನ್ನ ಮೇಲಕ್ಕೆ ತಿರುಗಿಸೋಕೆ ಅಂತಲೇ ಮಾಡಿರೋದು ೧೦೦ ನ್ಯೂಟನ್ ಮತ್ತು ಮೇಲಿನದು. ಈಜು ಬರದವರಿಗೆ, ಕಲಿಯೋರಿಗೆ ಎರಡನೆಯದೇ.

೨. ಹೋದವರ ಹೆಸರು, ಬಂದವರ ಹೆಸರು ಪುಸ್ತಕದಲ್ಲಿ. ಲೆಕ್ಕ ತಾಳೆ ಆಗದೆ ಯಾರೂ ಟೀ ಕುಡಿಯೋ ಹಾಗಿಲ್ಲ.

೩. ಕಾಪಾಡೋ ದೋಣಿ ಮೊದಲು ನೀರಿಗೆ, ಹಲಗೆ ಆಮೇಲೆ. ಆ ದೋಣಿಯಲ್ಲಿ ಜಾಲಿ ರೈಡ್ ಇಲ್ಲ, ಫೋಟೋ ಇಲ್ಲ.

೪. ದಡದಿಂದ ನೀರಿನ ಕಡೆಗೆ ಬೀಸೋ ಗಾಳಿ ಇದ್ದರೆ ಹೊಸಬರಿಗೆ ರಜೆ. ದಡದ ಹತ್ತಿರ ನೀರು ಕನ್ನಡಿ ಥರ ಇರುತ್ತೆ, ಅದೇ ಮೋಸ. ದೂರ ಹೋದಷ್ಟೂ ಗಾಳಿ ಜಾಸ್ತಿ, ವಾಪಸ್ ಬರೋಕೆ ಬಿಡಲ್ಲ.

೫. ಗುಡುಗು ಕೇಳಿಸಿದರೆ ಎಲ್ಲರೂ ಮೇಲಕ್ಕೆ. ಕೊನೇ ಗುಡುಗಿನಿಂದ ಅರ್ಧ ಗಂಟೆ ಕಳೆಯೋವರೆಗೂ ವಾಪಸ್ ಇಲ್ಲ. ಏಪ್ರಿಲ್-ಮೇ ಸಾಯಂಕಾಲ ಬಯಲು ನೀರಿನ ನಡುವೆ ಕಂಬ ಹಿಡಿದು ನಿಂತೋನು ಸಿಡಿಲಿಗೆ ತಾನೇ ಕಂಬ.

೬. ಏನೇ ಆದರೂ ಹಲಗೆ ಬಿಡಬಾರದು. ಹಾಯಿ ಹೋಗಲಿ, ಕಂಬ ಹೋಗಲಿ, ಹಲಗೆ ಮುಳುಗಲ್ಲ. ಅದರ ಮೇಲೆ ಕೂತು ಎರಡೂ ಕೈ ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಮಾಡಿದರೆ "ಸಹಾಯ ಬೇಕು" ಅಂತ ಅರ್ಥ. ಜಗತ್ತಿನಾದ್ಯಂತ ಇದೇ ಸನ್ನೆ.

೭. ಹಿನ್ನೀರು ಅಂದ್ರೆ ಮುಳುಗಿದ ಊರು. ನೀರಿನ ಕೆಳಗೆ ಮರದ ಬೊಡ್ಡೆ ಇರುತ್ತೆ, ಬಲೆ ಇರುತ್ತೆ, ಬೇಲಿ ತಂತಿ ಇರುತ್ತೆ. ಮಟ್ಟ ಇಳಿದ ಹಾಗೆ ಹೋದ ತಿಂಗಳ ಜಾಗವೇ ಬೇರೆ ಜಾಗ. ಅಲ್ಲಿನ ಮೀನುಗಾರರನ್ನ ಕೇಳದೆ ಇಳಿಯೋ ಹಾಗಿಲ್ಲ.

೮. ಯಾರಾದರೂ ಮುಳುಗ್ತಿದ್ದರೆ ಹಾರಬೇಡಿ. ಕೂಗಿ, ಚಾಚಿ, ಎಸೆಯಿರಿ. ಹಗ್ಗ, ಗಳ, ಪಂಚೆ, ಸೀರೆ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಏನು ಸಿಕ್ಕರೆ ಅದು. ಮುಳುಗೋನು ಹಿಡಿದರೆ ಬಿಡಲ್ಲ, ಕಾಪಾಡೋಕೆ ಬಂದೋನನ್ನೂ ಕರ್ಕೊಂಡು ಹೋಗ್ತಾನೆ.

ಕೊನೆಯದನ್ನ ನಿಮ್ಮ ಮನೆ ಮಕ್ಕಳಿಗೆ ಇವತ್ತೇ ಹೇಳಿಕೊಡಿ. ಇದಕ್ಕೆ ಹಲಗೆ ಬೇಡ, ಹಾಯಿ ಬೇಡ, ಯಾರ ಪರ್ಮಿಷನ್ನೂ ಬೇಡ.

ಇದರ ಜೊತೆ ನಾವೊಂದು ದಪ್ಪ ಪುಸ್ತಕ ಇಟ್ಟಿದ್ದೀವಿ. ಆಗಿಬಿಟ್ಟ ಅನಾಹುತಕ್ಕಲ್ಲ, ಆಗೋದು ಸ್ವಲ್ಪದರಲ್ಲಿ ತಪ್ಪಿದ್ದಕ್ಕೆ. ಹಗ್ಗ ಸವೆದಿತ್ತು, ಗಾಳಿ ದಿಕ್ಕು ಬದಲಾಯಿತು, ಒಬ್ಬರು ಹೇಳದೆ ಬೇರೆ ದಡಕ್ಕೆ ಹತ್ತಿಬಿಟ್ಟರು, ಹೀಗೆ. ಯಾರ ತಪ್ಪು ಅಂತ ಬರೆಯೋ ಹಾಗಿಲ್ಲ, ಏನಾಯಿತು, ಮುಂದೇನು ಅಂತ ಮಾತ್ರ. ಸರ್ವರ್ ಬಿದ್ದಾಗ ನಾವು ಆಫೀಸಿನಲ್ಲಿ ಮಾಡೋದೂ ಇದನ್ನೇ. ಸರ್ವರ್ ಬಿದ್ದರೆ ಇಷ್ಟು ಶ್ರದ್ಧೆ ಇರೋ ನಮಗೆ ಮನುಷ್ಯ ಮುಳುಗಿದರೆ ಎರಡು ದಿನದ ಟೀವಿ ಚರ್ಚೆ ಸಾಕಾಗುತ್ತೆ ಅನ್ನೋದು ನನಗೆ ನುಂಗೋಕಾಗ್ತಿಲ್ಲ.

ಸರ್ಕಾರದಿಂದ ನಾನು ಕೇಳೋದು ದೊಡ್ಡದೇನಲ್ಲ. ದೋಣಿ, ಹರಿಗೋಲು ನಡೆಯೋ ಪ್ರತಿ ಕಡೆ ಎಷ್ಟು ಜನ ಅಂತ ದೋಣಿಯ ಮೈಮೇಲೇ ಬರೆಸಿ, ಜಾಸ್ತಿ ಹತ್ತಿಸಿದರೆ ಅಲ್ಲೇ ಫೈನ್ ಹಾಕಿ. ಕೆರೆಗೊಂದು ಹಗ್ಗ, ಒಂದು ತೇಲೋ ಟ್ಯೂಬು ಕಂಬಕ್ಕೆ ನೇತುಹಾಕಿ, ಅದೇ ಬೋರ್ಡಿನ ಕಂಬವಾದರೂ ಸರಿ. ನಿಯಮ ಪಾಲಿಸೋ ಗುಂಪುಗಳನ್ನ ಪರೀಕ್ಷೆ ಮಾಡಿ ಅನುಮತಿ ಕೊಡಿ, ತಪ್ಪಿದರೆ ಕಿತ್ತುಕೊಳ್ಳಿ. ಶಾಲೆಯಲ್ಲಿ ವರ್ಷಕ್ಕೊಂದು ದಿನ ನೀರಿನ ಪಾಠ ಮಾಡಿ. ಜುಲೈ ೨೫ನ್ನ ವಿಶ್ವಸಂಸ್ಥೆಯೇ ೨೦೨೧ರಲ್ಲಿ ಮುಳುಗಡೆ ಸಾವು ತಡೆಯೋ ದಿನ ಅಂತ ಮಾಡಿಟ್ಟಿದೆ, ದಿನ ಹುಡುಕೋ ಕಷ್ಟವೂ ನಿಮಗಿಲ್ಲ.

ಇನ್ನು ಬ್ಲಾಗಿಗ ಗೆಳೆಯರೇ, ನಿಮ್ಮ ಹತ್ತಿರ ಒಂದು ಬೇಡಿಕೆ. ನಾವೆಲ್ಲಾ ಟ್ರಿಪ್ಪಿಗೆ ಹೋಗಿ ಬಂದು ಬರೀತೀವಿ. ಹರಿಗೋಲಿನಲ್ಲಿ ಕೂತ ಫೋಟೋ, ಜಲಪಾತದ ತುದಿಯ ಫೋಟೋ, ಕೆಳಗೆ "ಸ್ವರ್ಗ" ಅಂತ ಎರಡು ಸಾಲು. ಓದಿದ ಐವತ್ತು ಜನ ಮುಂದಿನ ವಾರ ಅಲ್ಲಿಗೇ ಹೊರಡ್ತಾರೆ. ಇನ್ನು ಮೇಲೆ ಜಾಕೆಟ್ ಇಲ್ಲದ ದೋಣಿಯ ಫೋಟೋ ಹಾಕಬೇಡಿ. ಅಲ್ಲಿ ಜಾಕೆಟ್ ಕೊಟ್ಟರಾ, ಎಷ್ಟು ಜನ ತುಂಬಿದರು, ಎಲ್ಲಿ ಆಳ, ಎಲ್ಲಿ ಸುಳಿ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಒಂದು ಪ್ಯಾರಾ ಸೇರಿಸಿ. ಹೊಟೆಲ್ಲಿನ ನೀರುದೋಸೆ ಬಗ್ಗೆ ಮೂರು ಪ್ಯಾರಾ ಬರೆಯೋರಿಗೆ ಇದೇನು ಮಹಾ ಕಷ್ಟ?

ನಮ್ಮ ಹನ್ನೊಂದು ಪುಟದ ಅರ್ಜಿ ಇನ್ನೂ ಅದೇ ಕಚೇರಿಯಲ್ಲಿದೆ. ಮುಂದಿನ ತಿಂಗಳು ಹನ್ನೆರಡನೇ ಪುಟ ಸೇರಿಸಿ ಮತ್ತೆ ಕೊಡ್ತೀವಿ. ಆ ಪುಟದಲ್ಲಿ ಒಂದೇ ಪ್ರಶ್ನೆ ಇರುತ್ತೆ: ನಿಮ್ಮ ಬೋರ್ಡು ಈವರೆಗೆ ಎಷ್ಟು ಜನರನ್ನ ಮೇಲಕ್ಕೆಳೆದಿದೆ?